ತಿರುಪಿನ ಅರ್ಧ ಸುತ್ತು

ಗಂಡ ಗಣಪತಿ ತೀರಿಕೊಂಡ ಎಂಟು ತಿಂಗಳಿಗೆ, ಅವನು ಡ್ರೈವರಾಗಿದ್ದ ಸಂಶೋಧನಾ ಸಂಸ್ಥೆಯಲ್ಲೇ ಸುಮಿತ್ರಾಳಿಗೆ ಕೆಲಸ ಸಿಕ್ಕಿತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಆ ಕಚೇರಿಯ ಗೇಟಿನಲ್ಲಿ, ಹಸಿರು ಪರದೆಯ ಹಿಂದೆ ನಿಂತು ಒಳಗೆ ಹೋಗುವ ಹೆಂಗಸರನ್ನು ತಪಾಸಣೆ ಮಾಡುವ ಕೆಲಸ. ತೊಂಬತ್ತೈದರ ಬೇಸಿಗೆಯಲ್ಲಿ ಅವಳ ಕೈಗೆ ಮೆಟಲ್ ಡಿಟೆಕ್ಟರ್ ಬಂತು.

ಸೆಕ್ಯುರಿಟಿ ಆಫೀಸರ್ ರಾಠೋಡ್ ಡಬ್ಬಿ ಬಿಚ್ಚಿ ತಾವೇ ಕಲಿಸಿದರು. ಹಿಡಿಕೆಯ ಮುಚ್ಚಳ ಸರಿಸಿ ಚೌಕಾಕಾರದ ಬ್ಯಾಟರಿ ಕೂರಿಸಬೇಕು. ಕಬ್ಬಿಣದ ಗೇಟಿನಿಂದ, ಮೇಜಿನಿಂದ ದೂರ ನಿಂತು ಸ್ವಿಚ್ ಒತ್ತಬೇಕು. ಪಕ್ಕದ ಸಣ್ಣ ತೂತಿನೊಳಗೊಂದು ತಿರುಪು. ಅದನ್ನು ಬಲಕ್ಕೆ ತಿರುಗಿಸಿದಷ್ಟೂ ಯಂತ್ರ ಚುರುಕು. ಪೇನಾಚಾಕುವಿಗೆ ನಾಲ್ಕು ಬೆರಳು ದೂರದಿಂದಲೇ ಕೂಗಬೇಕು, ರವಿಕೆಯ ಹುಕ್ಕಿಗೆ ಸುಮ್ಮನಿರಬೇಕು, ಅಲ್ಲಿಗೆ ನಿಲ್ಲಿಸು ಎಂದರು. ಮೈಗೆ ತಾಗಿಸದೆ, ಭುಜದಿಂದ ಪಾದದವರೆಗೆ ನಿಧಾನವಾಗಿ ಇಳಿಸು, ಆಮೇಲೆ ಬೆನ್ನ ಕಡೆ. ದಿನಾ ಬೆಳಿಗ್ಗೆ ಚಾಕು ಹಿಡಿದು ಪರೀಕ್ಷೆ ಮಾಡಿಕೊಳ್ಳುವುದಕ್ಕೆಂದು ಸ್ಕ್ರೂ ಡ್ರೈವರನ್ನೂ ಅವಳಿಗೇ ಕೊಟ್ಟರು.

ಜೂನ್ ಮೊದಲ ಸೋಮವಾರ, ಹೆಗಲಿಗೆ ಚೀಲ ಹಾಕಿದ ಹುಡುಗಿಯೊಬ್ಬಳು ಪರದೆಯೊಳಗೆ ಬಂದಳು. ಸೊಂಟದ ಹತ್ತಿರ ಯಂತ್ರ ಕೂಗಿತು. ಆಕೆ ತನ್ನಷ್ಟಕ್ಕೇ ಗೊಣಗಿದಳು: "ಅಯ್ಯ ಶಿವನ, ಕೀಲಿ ಅದ. ಇವರಿಗೆ ಹೆಂಗ ಹೇಳೂದು?"

ಸುಮಿತ್ರಾಳ ಕೈ ಅಲ್ಲೇ ನಿಂತಿತು. "ಹಂಗs ಹೇಳ್ರಿ," ಎಂದಳು. "ನಾ ಗದಗಿನಾಕಿ."

ಹುಡುಗಿ ನಕ್ಕುಬಿಟ್ಟಳು. ಹೆಸರು ವಿಂಧ್ಯಾ, ಊರು ಹುಬ್ಬಳ್ಳಿ, ಆರು ವಾರದ ತರಬೇತಿಗೆ ಬಂದವಳು. ಅಷ್ಟು ಹೇಳುವುದರೊಳಗೆ ಹಿಂದಿನ ಸಾಲು ಗದ್ದಲ ಎಬ್ಬಿಸಿತು.

ಆ ಸಂಜೆ ಸುಮಿತ್ರಾ ರೊಟ್ಟಿ ಸುಡುತ್ತ ಹಂಚಿನ ಮುಂದೆ ಮೈಮರೆತು ನಿಂತಳು. ನಗರದಲ್ಲಿ ಕನ್ನಡದವರೇನೂ ಇಲ್ಲದಿರಲಿಲ್ಲ. ಅವರ ಮನೆಗಳಿಗೆ ಹೋಗಿಬರುವ ಬಳಕೆ ಗಣಪತಿಯ ಜೊತೆಗೇ ನಿಂತುಹೋಗಿತ್ತು. ಹತ್ತು ವರ್ಷದ ಮಗಳು ಮೇದಿನಿಗೆ ಗುಜರಾತಿಯೇ ಬಾಯಿಗೆ ಬರುತ್ತಿತ್ತು. ಗಣಪತಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮಾತು ಶುರುಮಾಡುತ್ತಿದ್ದ. 'ಹೌದಿಲ್ಲೋ' ಎನ್ನದೆ ಒಂದು ವಾಕ್ಯ ಮುಗಿಸುತ್ತಿರಲಿಲ್ಲ. ಅವನು ಹೋದ ಮೇಲೆ ಆ ಮಾತನ್ನು ಯಾರ ಬಾಯಿಂದಲೂ ಅವಳು ಕೇಳಿರಲಿಲ್ಲ.

ಮರುದಿನ ವಿಂಧ್ಯಾ ಕೀಲಿಯನ್ನು ಮೊದಲೇ ಕೈಯಲ್ಲಿ ಹಿಡಿದು ಬಂದಳು. ಯಂತ್ರ ಕೂಗಲಿಲ್ಲ. "ಬರ್ತೀನ್ರಿ," ಎಂದು ಹೊರಟೇಹೋದಳು.

ಬುಧವಾರ ಬೆಳಿಗ್ಗೆ ಸುಮಿತ್ರಾ ತಿರುಪನ್ನು ಅರ್ಧ ಸುತ್ತು ಬಲಕ್ಕೆ ತಿರುಗಿಸಿದಳು.

ವಿಂಧ್ಯಾ ಬಂದಾಗ ಯಂತ್ರ ಪಿನ್ನಿಗೆ ಕೂಗಿತು, ಹುಕ್ಕಿಗೆ ಕೂಗಿತು, ಹೇರ್‌ಪಿನ್ನಿಗೂ ಕೂಗಿತು. "ಇನ್ನೊಮ್ಮೆ ತಿರುಗ್ರಿ," ಎನ್ನುತ್ತ ಸುಮಿತ್ರಾ ಕೇಳುತ್ತ ಹೋದಳು: ಮನೆಯಲ್ಲಿ ಯಾರ್‍ಯಾರು, ಊರಲ್ಲಿ ಮಳೆ ಆಯಿತೋ, ಬದನೆಕಾಯಿ ಎಣಗಾಯಿಗೆ ಗುರೆಳ್ಳು ಹಾಕುತ್ತೀರೋ ಇಲ್ಲವೋ. ಹತ್ತು ದಿನ ಹೀಗೇ ನಡೆಯಿತು. ವಿಂಧ್ಯಾಳ ಉತ್ತರಗಳು ಗಿಡ್ಡವಾಗುತ್ತ ಬಂದದ್ದು ಸುಮಿತ್ರಾಳಿಗೆ ಕಾಣಲಿಲ್ಲ, ಅಥವಾ ಕಾಣುವುದು ಬೇಕಿರಲಿಲ್ಲ.

ಹನ್ನೊಂದನೆಯ ದಿನ ವಿಂಧ್ಯಾಳ ಹಿಂದೆಯೇ ರಾಠೋಡ್ ಬಂದರು. ದಿನಾ ತಡವಾಗುತ್ತಿದೆ, ಎಲ್ಲರೆದುರು ಬೈಸಿಕೊಂಡಿದ್ದೇನೆ, ಗೇಟಿನಲ್ಲಿ ತೊಂದರೆ ಕೊಡುತ್ತಾರೆ ಎಂದು ಆಕೆ ದೂರು ಕೊಟ್ಟಿದ್ದಳು. ರಾಠೋಡ್ ಒಂದು ಗುಂಡುಸೂಜಿಯ ಮುಂದೆ ಯಂತ್ರ ಹಿಡಿದರು. ಅದು ಕಿರುಚಿತು.

"ಯೇ ಕಿಸ್‌ನೇ ಘುಮಾಯಾ?" ಎಂದರು, ತಿರುಪು ತಿರುಗಿಸಿದ್ದು ಯಾರು ಎಂದು.

ತಪ್ಪನ್ನು ಬ್ಯಾಟರಿಯ ಮೇಲೆ ಹಾಕಬಹುದಿತ್ತು. ಸುಮಿತ್ರಾ ಸಾಹೇಬರ ಕಡೆ ನೋಡಲಿಲ್ಲ. ವಿಂಧ್ಯಾಳ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು: "ನಾನs ತಿರುವೀನ್ರಿ. ನೀವು ಮಾತಾಡ್ತೀರಿ ಅಂತ. ನಮ್ಮನಿಯವರು ಹೋದ ಮ್ಯಾಲ ನಮ್ಮ ಕಡೆ ಮಾತು ಕಿವಿಗೆ ಬಿದ್ದಿದ್ದಿಲ್ಲ. ತಪ್ಪಾತು." ಆಮೇಲೆ ರಾಠೋಡರಿಗೆ ಹಿಂದಿಯಲ್ಲಿ, "ನಾನೇ, ಸಾಹೇಬ್," ಎಂದಳು.

ರಾಠೋಡ್ ತಿರುಪನ್ನು ಹಿಂದಕ್ಕೆ ತಂದು, ಅದರ ಮೇಲೆ ಅರಗು ಹಚ್ಚಿಸಿ, ಅವಳನ್ನು ಹಿಂದಿನ ಗೇಟಿಗೆ ಹಾಕಿದರು. ವಿಂಧ್ಯಾ ಚೀಲ ಹೆಗಲಿಗೇರಿಸಿ ಒಳಗೆ ಹೋದಳು.

ಸಂಜೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ವಿಂಧ್ಯಾ ಕೂತಿದ್ದಳು. ಸುಮಿತ್ರಾ ದೂರವೇ ನಿಂತಳು.

"ಬರ್‍ರಿ, ಕೂಡ್ರಿ," ಎಂದಳು ಹುಡುಗಿ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. "ಕೂಡು ಅಂದಿದ್ರ ಕೂಡ್ತಿದ್ದಿಲ್ಲೇನ್ರಿ ನಾ? ಕಳ್ಳರನ್ನ ನಿಲ್ಲಿಸಿದಂಗ ನಿಲ್ಲಿಸಿದ್ರಿ."

"ಕೇಳಾಕ ಬಾಯಿ ಬರಲಿಲ್ಲವ್ವಾ."

ಉಳಿದ ನಾಲ್ಕು ವಾರವೂ ಸಂಜೆಗೆ ಕಾಲು ಗಂಟೆ ಅವರಿಬ್ಬರೂ ಅಲ್ಲಿ ಕೂತರು. ಹೆಚ್ಚು ಮಾತಾಡಿದವಳು ಸುಮಿತ್ರಾಳೇ. ಕೇಳಬೇಕೆಂದು ಹಂಬಲಿಸಿದ್ದವಳ ಎದೆಯೊಳಗೆ ಹೇಳುವುದೇ ರಾಶಿ ಬಿದ್ದಿತ್ತು. ಗಣಪತಿಯ ಕೊನೆಯ ದಿನಗಳ ಆಸ್ಪತ್ರೆಯ ಸಂಗತಿಯನ್ನೂ, ಯಾರಿಗೂ ಹೇಳದ್ದನ್ನು, ಅಲ್ಲಿ ಹೇಳಿಕೊಂಡಳು.

ವಿಂಧ್ಯಾ ಹೊರಟ ದಿನ ಸ್ಟೇಷನ್ನಿಗೆ ಹೋಗಲು ರಜೆ ಸಿಗಲಿಲ್ಲ. ಸಂಜೆ ಸುಮಿತ್ರಾ ಒಬ್ಬಳೇ ಬೆಂಚಿನ ಮೇಲೆ ಕೂತು ಎರಡು ಬಸ್ಸು ಬಿಟ್ಟಳು. ಗಾಡಿ ಈಗ ವಡೋದರಾ ದಾಟಿರಬಹುದು, ಇನ್ನು ಸೂರತ್ ಎಂದು ಲೆಕ್ಕ ಹಾಕಿದಳು.

ಮನೆಗೆ ಬಂದಾಗ ಮೇದಿನಿ ಬಾಗಿಲಲ್ಲೇ, "ಕೇಮ್ ಮೋಡು ಥಯು?" ಎಂದಳು, ಯಾಕೆ ತಡ ಎಂದು.

ದಿನವೂ ಗುಜರಾತಿಯಲ್ಲೇ ಉತ್ತರಿಸುತ್ತಿದ್ದವಳು ಚಪ್ಪಲಿ ಬಿಡುತ್ತ, "ಹೇಳ್ತೀನಿ, ಬಾ ಇಲ್ಲೆ," ಎಂದಳು. ಮಗಳು ಅರ್ಧಂಬರ್ಧ ತಿಳಿದ ಮುಖದಲ್ಲಿ ಹತ್ತಿರ ಬಂದು ಕೂತಳು.