ಅಮ್ಮ ನೋಡಲು ಹೋದ ಝುರಾವ್

'ಝುರಾವ್ ಬಡಿದು ಜೆನೆಕ್ ತೀರಿಕೊಂಡ' ಎಂದಷ್ಟೇ ತಂತಿಯಲ್ಲಿತ್ತು.

ಜೆನೆಕ್ ನನ್ನಣ್ಣ. ದೂರದ ಕಡಲ ಬಂದರಿನಲ್ಲಿ ಕೂಲಿಗಿದ್ದ. ನಾನು ಓದಿ ಹೇಳಿದಾಗ ಅಮ್ಮ ಅಳಲಿಲ್ಲ. ಕಿಟಕಿಯಾಚೆ ನಮ್ಮ ಬಾವಿಯ ಏತವನ್ನೇ ದಿಟ್ಟಿಸಿದಳು. ಬುಗ್ ನದಿಯ ಈ ಸೀಮೆಯಲ್ಲಿ ಹುಲ್ಲುಗಾವಲಿಗಿಳಿಯುವ ಕೊಕ್ಕರೆಯೂ ಝುರಾವ್, ಉದ್ದ ಕತ್ತಿನ ಏತವೂ ಝುರಾವ್, ಸರಕೆತ್ತುವ ಕ್ರೇನೂ ಝುರಾವ್.

"ಮಾರಿಲ್ಕಾ ಒಬ್ಳು ಸಾಲ್ದೇ ಹೋದ್ಲಾ ಇದಕ್ಕೆ?" ಅಂದಳು.

ಮಾರಿಲ್ಕಾ ನನ್ನ ತಂಗಿ. ಇಪ್ಪತ್ತು ವರ್ಷದ ಹಿಂದೆ ಅದೇ ಬಾವಿಗೆ ಬಿದ್ದು ಹೋದವಳು.

"ಇದಲ್ಲಮ್ಮ. ಅದು ಬಂದರಿನ ಕಬ್ಬಿಣದ್ದು."

"ಹೆಸರು ಒಂದೇ ತಾನೇ? ಹೆಸರು ಒಂದಾದ್ರೆ ಕುಲಾನೂ ಒಂದೇ ಕಣೇ ಸ್ಟೆಫ್ಚಾ."

ಊರಿಗೆ ಬಂದ ಜೆನೆಕ್‌ನ ಶವವನ್ನು ಮಣ್ಣು ಮಾಡಿದ ಮೇಲೆ ಅಮ್ಮ ಏತದ ಕತ್ತಿಗೆ ಹಗ್ಗ ಬಿಗಿದು ಬೇಲಿಗೂಟಕ್ಕೆ ಕಟ್ಟಿದಳು. ನೀರಿಗೆ ತೊರೆಗೆ ನಡೆಯತೊಡಗಿದೆವು. ಪಕ್ಕದ ಮನೆಯ ಚೆಸಿಯಾ ಬೇಲಿಯ ಮೇಲೆ ಕತ್ತು ಚಾಚಿ, "ಏನೇ, ಮರಕ್ಕೂ ಸಂಕೋಲೆನಾ?" ಎಂದು ಕಿಸಕ್ಕನೆ ನಕ್ಕಳು.

"ನಿನ್ನ ಝುರಾವ್ ಒಳಗೆ ಎಳ್ಕೋ, ಮುರಿದೀತು!" ಎಂದೆ. ಇಣುಕುವವರ ಕತ್ತಿಗೂ ನಮ್ಮಲ್ಲಿ ಅದೇ ಹೆಸರು.

ಆದರೆ ಮುಂಜಾನೆ ಹಾಲು ಕರೆಯುವಾಗ, ಗಾಳಿಯಿಲ್ಲದೆಯೂ ಕಟ್ಟಿದ ಏತ ಕಿರ್ರೆನ್ನುತ್ತಿತ್ತು. ಕರೆಯುತ್ತಿದ್ದ ನನ್ನ ಕೈ ನಿಂತುಬಿಡುತ್ತಿತ್ತು. ಅಮ್ಮ ಅಂಗಳಕ್ಕಿಳಿದು, "ಇನ್ಯಾರು ಬೇಕೋ ನಿಂಗೆ?" ಎಂದು ಅದನ್ನೇ ಕೇಳುತ್ತಿದ್ದಳು. ಊಟ ಬಿಟ್ಟು ಸೊರಗಿದಳು.

ಕೊನೆಗೆ, ಆ ಕ್ರೇನನ್ನು ಕಣ್ಣಾರೆ ಕಂಡರೆ ಭ್ರಮೆ ಹರಿದೀತೆಂದು ಅವಳನ್ನು ರೈಲು ಹತ್ತಿಸಿ ಬಂದರಿಗೆ ಕರೆದೊಯ್ದೆ.

ಮುಗಿಲಿಗೆ ತಾಗುವ ಕಬ್ಬಿಣದ ಕತ್ತು ಕಿರ್ರೆಂದು ತಿರುಗುತ್ತಿತ್ತು. ಅಮ್ಮ ನನ್ನ ತೋಳು ಹಿಡಿದಳು. "ಕೇಳ್ಸ್ತಾ? ಅದೇ ದನಿ." ನನಗೂ ಕೇಳಿಸಿತು.

ನಾವು ಬಂದ ಸುದ್ದಿ ತಿಳಿದು ಲೆಷೆಕ್ ಎಂಬವನು ಟೊಪ್ಪಿಗೆ ಹಿಂಡುತ್ತ ಎದುರು ನಿಂತ. ಆ ದಿನ ಕ್ರೇನ್ ನಡೆಸುತ್ತಿದ್ದವನು. ಆಮೇಲೆ ಅದನ್ನು ಹತ್ತಿಲ್ಲವಂತೆ.

"ಕ್ರೇನಿನ ಹಿಡಿ ಎಳೆದಿದ್ದು ನಾನೇ, ತಾಯಿ. ಅವನು ಕೆಳಗಿದ್ದಿದ್ದು ಕಾಣಲೇ ಇಲ್ಲ."

ಅಮ್ಮ ಅವನ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ನೀನಲ್ಲಪ್ಪ. ಅದು ತಾನೇ ಇಳಿಯುತ್ತೆ. ನಾವು ಹಿಡ್ಕೊಂಡಿರ್ತೀವಿ, ಅಷ್ಟೇ. ನಂಗೊತ್ತು."

ಅವನು ಮಂಡಿಯೂರಿ, ಅವಳ ಕೈಗೆ ಮುತ್ತಿಟ್ಟು ಬಿಕ್ಕಿಬಿಕ್ಕಿ ಅತ್ತ.

ಅಮ್ಮನಿಗೆ ಗೊತ್ತಿದ್ದುದು ಏನೆಂದು ನನಗೂ ಗೊತ್ತಿತ್ತು. ಮಾರಿಲ್ಕಾ ಬಾವಿಗೆ ಬಗ್ಗಿದ್ದಾಗ, ಏತ ಇಳಿದು ಅವಳ ಬೆನ್ನಿಗೆ ಬಡಿದಾಗ, ಅದರ ಹಗ್ಗ ಅಮ್ಮನ ಕೈಯಲ್ಲಿತ್ತು. ಏಳು ವರ್ಷದ ನಾನು ಹೊಸ್ತಿಲಲ್ಲಿ ನಿಂತು ಕಂಡಿದ್ದೆ. ಕಂಡೆನೆಂದು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮರಳಿ ಬರುವಾಗ ರೈಲಿನಲ್ಲಿ ಅಮ್ಮ ರೊಟ್ಟಿ ಕೇಳಿ ತಿಂದಳು, ನನ್ನ ಹೆಗಲಿಗೊರಗಿ ನಿದ್ದೆಹೋದಳು. ಲೆಷೆಕ್ ಮತ್ತೆ ಕ್ರೇನ್ ಹತ್ತಿದನೆಂದು ಆಮೇಲೆ ಕಾಗದ ಬಂತು. ಅಮ್ಮ ಈಗ ನೆಮ್ಮದಿಯಾಗಿದ್ದಾಳೆ. ಮುಂಜಾನೆ ಏತದ ಆ ದನಿ ನನಗೊಬ್ಬಳಿಗೇ ಕೇಳಿಸುತ್ತದೆ.