ದೇವಿಕಾ ಹೇಳಿದ ಪಗಾರ

ಎಂ.ಎ. ಮುಗಿದ ನಾಲ್ಕು ವರ್ಷಕ್ಕೆ ಕರುಣಾಳಿಗೆ ತಾನು ಓದಿದ ವಿಶ್ವವಿದ್ಯಾಲಯದಲ್ಲೇ ಕೆಲಸ ಸಿಕ್ಕಿತು. ಮೂರು ತಿಂಗಳಿಗಷ್ಟೇ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಈಗ ಎಷ್ಟು ದುಡಿಯುತ್ತೀರಿ, ಓದಿಗೆ ತೆಗೆದ ಸಾಲ ತೀರಿತೇ ಎಂದು ಕೇಳಬೇಕು. ಆಫೀಸಿನವರು ಒಂದು ಸಿಮ್ ಕೊಟ್ಟು, ಮನೆಯಿಂದಲೇ ಮಾಡಿ ಎಂದಿದ್ದರು. ತನ್ನ ಹೆಸರು ಹೇಳಬಾರದು, ಪುಸ್ತಕದ ಕನ್ನಡದಲ್ಲೇ ಮಾತಾಡಬೇಕು ಎಂದು ತಾಕೀತು ಬೇರೆ.

ಮನೆ ಎಂದರೆ ವಾಡಿಯಲ್ಲಿ ರೈಲು ಹಳಿಯ ಆಚೆ, ಖುರ್ಷಿದಬೇಗಂ ಬಾಡಿಗೆಗೆ ಕೊಟ್ಟ ಒಂದು ಖೋಲಿ. ಸಾಲ ಎಂಬ ಮಾತು ಬಂದ ಕೂಡಲೇ ಬಹಳ ಮಂದಿ ಬ್ಯಾಂಕಿನವರೆಂದು ತಿಳಿದು ಫೋನ್ ಇಡುತ್ತಿದ್ದರು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುತ್ತಿತ್ತು. ಅಷ್ಟು ಮಾತಾಡಿದರೂ, ಉಂಡೆಯಾ ಎಂದು ಅವಳನ್ನು ಒಬ್ಬರೂ ಕೇಳಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ದೇವಿಕಾಳ ಹೆಸರು ಬಂತು. ಸೇಡಂ ಕಡೆಯ ಮುಧೋಳದವಳು, ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಖೋಲಿ, ರೊಟ್ಟಿಗೆ ಒಂದೇ ಡಬ್ಬಿಯ ಶೇಂಗಾ ಹಿಂಡಿ. ಚಲೋ ನೌಕರಿ ಸಿಕ್ಕ ಮೇಲೆ ಫೋನ್ ಮಾಡಿದರಾಯಿತು ಎಂದುಕೊಳ್ಳುತ್ತಲೇ ಕರುಣಾ ಇಷ್ಟು ವರ್ಷ ಸುಮ್ಮನಿದ್ದಳು. ದೇವಿಕಾಳೂ ಮಾಡಿರಲಿಲ್ಲ.

ಫೋನ್ ಎತ್ತಿದ್ದು ಅವಳೇ. ನಾನು ಕರುಣಾ ಎನ್ನಲು ಬಾಯಿ ತೆರೆದರೆ, ಆಫೀಸಿನ ಮಾತೇ ಹೊರಬಂತು. ಆ ಪುಸ್ತಕದ ಕನ್ನಡದಲ್ಲಿ ದೇವಿಕಾಳಿಗೆ ದನಿಯ ಗುರುತು ಹತ್ತಲಿಲ್ಲ.

"ನಮಸ್ಕಾರ. ವಿಶ್ವವಿದ್ಯಾಲಯದಿಂದ ಕರೆ ಮಾಡುತ್ತಿದ್ದೇನೆ. ತಾವು ಈಗ ಏನು ಕೆಲಸ ಮಾಡುತ್ತಿದ್ದೀರಿ?"

"ಸೇಡಮಿನ್ಯಾಗ ಒಂದು ಪ್ರೈವೇಟ್ ಸಾಲ್ಯಾಗ ಹುಡುಗರಿಗೆ ಕಲಿಸಾಕತ್ತೀನ್ರಿ. ಎಂಟು ಸಾವಿರ ಪಗಾರ. ಬ್ಯಾಸಗಿ ಸೂಟಿ ಇದ್ದಾಗ ಅದೂ ಇಲ್ಲ."

"ಸಾಲ?"

"ಇನ್ನಾ ಅದ್ರಿ. ಎರಡು ಎಮ್ಮಿ ಮಾರಿ ಅಪ್ಪ ಒಂದಿಷ್ಟು ಕಟ್ಟ್ಯಾನ. ನನಗ ಏನೂ ಅನ್ನಂಗಿಲ್ಲ. ಅದೇ ಭಾಳ ಸಂಕಟ ಆಗ್ತದ್ರಿ." ದೇವಿಕಾ ದನಿ ತಗ್ಗಿಸಿ ಕೇಳಿದಳು. "ಮೇಡಂ, ಇದು ಯಾರಿಗೂ ಗೊತ್ತಾಗಂಗಿಲ್ಲಲ್ರಿ?"

"ಗೊತ್ತಾಗುವುದಿಲ್ಲ" ಎಂದಳು ಕರುಣಾ.

ಆಮೇಲೆ ಅವಳಿಗೆ ಬೇರೆ ಯಾರಿಗೂ ಫೋನ್ ಮಾಡಲಾಗಲಿಲ್ಲ. ತನ್ನ ಸಾಲವೂ ಹಾಗೇ ಇದೆ, ನೀನೊಬ್ಬಳೇ ಅಲ್ಲ ಎಂದು ಹೇಳಬೇಕೆನಿಸಿತು. ಸಂಜೆ ಅಂಗಳಕ್ಕೆ ಬಂದು ತನ್ನ ಸ್ವಂತ ನಂಬರಿನಿಂದ ಫೋನ್ ಹಚ್ಚಿದಳು.

"ದೇವಿ, ನಾ ಕರುಣಾ."

"ಏ ಹುಡುಗಿ! ಈಗ ನೆನಪಾತೇನು? ಹ್ಯಾಂಗಿದ್ದೀ?"

"ಅರಾಮಿದ್ದೀನಿ. ನೀ ಏನ್ ಮಾಡಾಕತ್ತೀ?"

"ಸೇಡಮಿನ್ಯಾಗ ದೊಡ್ಡ ಸಾಲಿ ಅದ, ಅಲ್ಲಿ ಟೀಚರ್. ಮೂವತ್ತು ಸಾವಿರ ಕೊಡ್ತಾರ. ಸಾಲ ಹ್ವಾದ ವರ್ಷನೇ ತೀರಿಸಿಬಿಟ್ಟೆ. ಅಪ್ಪ ಭಾಳ ಖುಷಿ ಅದಾನ. ನಿಂದು?"

ಕರುಣಾ ತನ್ನ ಕೆಲಸ ಏನೆಂದು ಬಾಯಿಬಿಟ್ಟರೆ, ಮಧ್ಯಾಹ್ನದ ಮೇಡಂ ಯಾರೆಂದು ದೇವಿಕಾಳಿಗೆ ತಿಳಿದುಹೋಗುತ್ತದೆ.

"ಇಲ್ಲೇ ವಾಡ್ಯಾಗ, ಒಂದು ಆಫೀಸಿನ್ಯಾಗ ಇದ್ದೀನಿ. ಪರ್ಮನೆಂಟ್" ಎಂದಳು.

"ನೀ ಮ್ಯಾಲ ಬರ್ತೀ ಅಂತ ನನಗ ಗೊತ್ತಿತ್ತು." ದೇವಿಕಾಳ ದನಿ ಸಣ್ಣಗಾಗಿತ್ತು. "ಒಮ್ಮೆ ಬಾ."

"ಬರ್ತೀನಿ."

ಯಾವಾಗ ಎಂದು ಅವಳು ಕೇಳಲಿಲ್ಲ. ಇವಳೂ ಹೇಳಲಿಲ್ಲ. ಇಬ್ಬರೂ ಫೋನ್ ಇಟ್ಟರು.

ಒಣಗಿದ ಬಟ್ಟೆ ತೆಗೆಯುತ್ತಿದ್ದ ಖುರ್ಷಿದಬೇಗಂ ಕೇಳಿದರು, "ಯಾರು ಬೇಟಿ ಅದು?"

"ನನ್ನ ಗೆಳತಿ, ಖಾಲಾ. ಟೀಚರ್ ಅದಾಳ. ಮೂವತ್ತು ಸಾವಿರ ಪಗಾರ."

"ನಸೀಬು ಚಲೋ ಅದ ಬಿಡು ಆಕಿಂದು."

"ಹೌದ್ರಿ" ಎಂದು ಕರುಣಾ ಒಳಗೆ ಹೋಗಿ, ಕದ ಮುಚ್ಚಿಕೊಂಡಳು.