ಆಡಿನ ಪಾಲು

ಆಮ್ರಪಾಲಿ ಅರಿವೆಯ ಗಂಟನ್ನು ಎರಡೂ ಕೈಯಿಂದ ಹಿಂಡುತ್ತಿದ್ದಳು. ತುರಿದ ಗಜ್ಜರಿ, ಕೋಸು, ಉಳ್ಳಾಗಡ್ಡಿಯ ನೀರು ಬೋಗುಣಿಗೆ ಇಳಿಯಿತು. ನಿನ್ನೆ ಅವಳ ಅವ್ವ ಶೇವಂತಾಬಾಯಿ ಉಪ್ಪು ಹಚ್ಚಿ ಕಟ್ಟಿಟ್ಟ ಗಂಟು ಅದು. ಭಜಿ ಕರಿಯುವ ಮೊದಲೇ ಎದೆ ಹಿಡಿದು ಕುಳಿತವಳು ಮತ್ತೆ ಏಳಲಿಲ್ಲ. ಈಗಷ್ಟೇ ಅವಳನ್ನು ಮಣ್ಣು ಮಾಡಿ ಬಂದಿದ್ದರು.

"ಸತ್ತ ಮನ್ಯಾಗ ಎಣ್ಣಿ ಬಾಣಲಿ ಇಡಬಾರದಂತಾರಪ್ಪ," ಎಂದಳು.

"ಇಡು," ಎಂದ ಅಪ್ಪ ಗೋರಖನಾಥ. "ಬುದ್ಧನ ಹಾದಿ ಹಿಡದು ಆ ಕಟ್ಟಳಿ ನಾವು ಬಿಟ್ಟು ಭಾಳ ದಿನ ಆತು. ಹಿಟ್ಟು ಈಗ ಕಲಸು. ಮೊದಲ ಕಲಸಿದ್ರ ಮೆತ್ತಗಾಗ್ತಾವ ಅಂತಿದ್ಲು ನಿಮ್ಮವ್ವ. ಫ್ರಿಜ್ಜಿನಾಗ ಆಕಿ ಮಾಡಿದ ಚೀಸ್ ಚಟ್ನಿನೂ ಅದ, ತಗಿ."

ಪಡಸಾಲೆಯಲ್ಲಿ ಡಾಬಕಾದಿಂದ ಬಂದ ನೆಂಟರು ಕುಳಿತಿದ್ದರು. ಬಾಣಲೆ ಚುರುಗುಟ್ಟುವ ಹೊತ್ತಿಗೆ ಪಕ್ಕದ ಮನೆಯ ಸುಂದರಬಾಯಿ, ಮೊಮ್ಮಗಳು ಮೇಘಾಳ ಜೊತೆ, ಝುಣಕ-ಭಾಕರಿಯ ಬುಟ್ಟಿ ಹಿಡಿದು ಬಂದಳು. ಸಾವಿನ ಮನೆಗೆ ಮೊದಲ ತುತ್ತು ನೆರೆಯವರದು. ಕೊಡುವುದರಲ್ಲಿ ಸುಂದರಬಾಯಿ ಎಂದೂ ತಪ್ಪಿದವಳಲ್ಲ.

*

ಭಾತಂಬ್ರಾದಿಂದ ಆಡುಗಳ ಸಮೇತ ಬೀದರಕ್ಕೆ ಬಂದ ಮನೆತನ ಸುಂದರಬಾಯಿಯದು. ಪ್ರತಿ ಹಬ್ಬಕ್ಕೂ ಗೋಡೆಯ ಮೇಲಿಂದ ಹೋಳಿಗೆ ಕೊಡುತ್ತಿದ್ದಳು. ಬರಿ ತಾಟು ಹಿಂದಿರುಗಿಸಬಾರದೆಂದು ಶೇವಂತಾಬಾಯಿ ಭಜಿ ತುಂಬಿ ಕಳಿಸುತ್ತಿದ್ದಳು. ಒಂದು ಬುದ್ಧ ಪೂರ್ಣಿಮೆಯ ದಿನ ಅರಿವೆ ಒಣಹಾಕಲು ಮಾಳಿಗೆ ಏರಿದವಳಿಗೆ ಕಂಡಿತು: ತನ್ನ ಬಿಸಿ ಭಜಿಯೆಲ್ಲ ಆಡಿನ ಮುಂದೆ.

ಇಳಿದು ಬಂದು ಗಂಡನಿಗೆ, "ಆಡಿಗಿ ಪುಣ್ಯ ಬಂತ್ರಿ," ಎಂದಷ್ಟೇ ಹೇಳಿದಳು. ಆ ದಿನ ಅವಳು ಉಣ್ಣಲಿಲ್ಲ.

ಮೇಘಾ ಕಾಲೇಜಿಗೆ ಹೋಗತೊಡಗಿದ ಮೇಲೆ, ತಾನು ಆಯಿ ಎಂದು ಕರೆಯುವ ಅಜ್ಜಿಗೆ ಗೊತ್ತಾಗದಂತೆ ಈ ಮನೆಯಲ್ಲಿ ಭಜಿ ತಿನ್ನುತ್ತಿದ್ದಳು. ಚೀಸ್ ಚಟ್ನಿ ಕಲಿಸಿದವಳೂ ಅವಳೇ. ಒಂದು ದಿನ ಶೇವಂತಾಬಾಯಿ ಭಜಿಯನ್ನು ಹಳೆಯ ಪೇಪರಿನಲ್ಲಿ ಕಟ್ಟಿ, ಚಟ್ನಿಯನ್ನು ಡಬ್ಬಿಗೆ ಹಾಕಿ ಕೊಟ್ಟಳು.

"ನಿಮ್ಮ ಆಯಿಗಿ ಕೊಡು. ಬಸ್ ಸ್ಟ್ಯಾಂಡಿನ ಗಾಡಿದು ಅನ್ನು."

ಮರುದಿನ ಮೇಘಾ ನಗುತ್ತ ಬಂದಳು. "ಆಯಿ ಬೆರಳು ನೆಕ್ಕಿದ್ಲು ಕಾಕು. ಆ ಗಾಡಿಯವನ ಕೈಗಿ ಬಂಗಾರದ ಕಡಗ ಹಾಕಬೇಕಂತ."

ಅಂದಿನಿಂದ ಅದು ಪ್ರತಿ ಭಾನುವಾರದ ರೂಢಿಯಾಯಿತು.

"ಒಮ್ಮಿ ಖರೇ ಹೇಳಿಬಿಡ್ಲೇನು?" ಎಂದು ಗೋರಖನಾಥ ಕೇಳಿದ್ದ.

"ನಾ ಇರೋತನಕ ಬ್ಯಾಡ್ರಿ," ಎಂದಿದ್ದಳು ಶೇವಂತಾಬಾಯಿ.

*

"ನಾಕು ತುತ್ತು ತಿನ್ರಿ, ಗೋರಖಣ್ಣ," ಎಂದು ಸುಂದರಬಾಯಿ ಬುಟ್ಟಿ ಬಿಚ್ಚಿದಳು.

"ತಿಂತೇನ್ರಿ. ಮೊದಲ ನೀವು ಆಕಿ ಕೈದು ತಿನ್ರಿ." ಆಮ್ರಪಾಲಿ ತಂದ ತಾಟನ್ನು ಅವನು ಮುಂದೆ ಸರಿಸಿದ.

"ಇವತ್ತ ನಂದು ಉಪವಾಸ ಅದರಿ."

ಡಾಬಕಾದ ಮುದುಕ ಕಾಶೀರಾಮ ತಲೆಯೆತ್ತಿದ. "ಮುಂಜಾನಿ ಕಟ್ಟಿಮ್ಯಾಗ ಕುಂತು ಚಹಾದಾಗ ಬ್ರೆಡ್ ಅದ್ದಿ ತಿಂದ್ರಲ್ಲ ವೈನಿ. ಅದು ಯಾವ ದೇವರ ಉಪವಾಸರಿ?"

ಎಲ್ಲರ ಕಣ್ಣು ತಾಟಿನ ಮೇಲಿತ್ತು. ಮುಂಜಾನೆ ಬೌದ್ಧ ಭಿಕ್ಕು ಭಂತೇಜಿಯ ಜೊತೆ, ಸಕಲ ಜೀವಿಗಳಿಗೂ ಒಳಿತಾಗಲೆಂದು ಗೋರಖನಾಥ ಕಣ್ಣೀರಿಟ್ಟು ಹೇಳಿದ್ದ. ಈಗ 'ಹೋಗಲಿ ಬಿಡ್ರಿ' ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ತಾಟನ್ನು ಇನ್ನೂ ಮುಂದೆ ಸರಿಸಿದ.

"ಮಣ್ಣಾಗ ಇಟ್ಟು ಬಂದೇನ್ರಿ ಆಕಿನ್ನ. ಒಂದು ಭಜಿ."

ಸುಂದರಬಾಯಿ ಚಿಕ್ಕದೊಂದನ್ನು ಆರಿಸಿದಳು. ಬಿಳಿ ಚೀಸ್ ಚಟ್ನಿಗೆ ತಾಗಿಸಿ, ಕಣ್ಣು ಮುಚ್ಚಿ ಕಚ್ಚಿದಳು. ಆ ಕರುಂ ಸಪ್ಪಳ ಪಡಸಾಲೆಗೆಲ್ಲ ಕೇಳಿಸಿತು.

ಅಗಿಯುವುದು ನಿಂತಿತು. ಕಣ್ಣು ತೆರೆದು ಚಟ್ನಿಯನ್ನು ನೋಡಿದಳು. ಆಮೇಲೆ ಮೊಮ್ಮಗಳನ್ನು.

"ಮೇಘಾ, ನೀ ತರ್ತಿದ್ದ ಆ ಗಾಡಿ ಎಲ್ಲಿ ನಿಂದರ್ತದ?"

"ಗಾಡಿ ಇಲ್ಲ, ಆಯಿ."

ಗೋರಖನಾಥ ಬುಟ್ಟಿಯಿಂದ ಭಾಕರಿ ತೆಗೆದು ಮುರಿದ. ನಿನ್ನೆಯಿಂದ ಅವನು ಏನೂ ತಿಂದಿರಲಿಲ್ಲ.

ಗೋಡೆಯಾಚೆ ಆಡು ಒದರಿತು, ಮತ್ತೊಮ್ಮೆ ಒದರಿತು. ಸುಂದರಬಾಯಿ ಬಾಯಲ್ಲಿದ್ದುದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಬೆರಳುಗಳ ನಡುವಿನ ಅರ್ಧ ಭಜಿಯಿಂದ ಬಿಳಿ ಚಟ್ನಿ ಜಾರಿ ಅವಳ ಮುಂಗೈವರೆಗೆ ಇಳಿದಿತ್ತು.